ಆನೆ ಕೊಚ್ಚಿಹೋದ ಹಳ್ಳ

ಒಣಗಿದ ಹಳ್ಳದ ಮರಳಿನ ಮೇಲೆ ನಕ್ಷೆಯ ಹಾಳೆ ಹಾಸಿಕೊಂಡು ಸರ್ವೆ ಪೆನ್ಸಿಲ್ ಕೂತಿತ್ತು. ಗುಡ್ಡ, ಹಳ್ಳಗಳ ಹೆಸರು ಬರೆದುಕೊಳ್ಳುವುದು ಅದರ ಕೆಲಸ. ದಡದಲ್ಲಿ ಮೇಯುತ್ತಿದ್ದ ಮುದಿ ಮೇಕೆಯನ್ನು ಅದು ಕೇಳಿತು: “ಮೇಕೆಯಮ್ಮ, ಈ ಹಳ್ಳದ ಹೆಸರೇನು?”

“ಆನೆ ಕೊಚ್ಚಿಹೋದ ಹಳ್ಳ.”

ಪೆನ್ಸಿಲ್ ನಕ್ಕುಬಿಟ್ಟಿತು. “ಇಲ್ಲಿ ಇರುವೆಯ ಕಾಲೂ ನೆನೆಯುವುದಿಲ್ಲ! ಇಷ್ಟುದ್ದದ ಹೆಸರಿಗೆ ನನ್ನ ಮೊನೆ ಸವೆಸಲಾರೆ. ಹದಿನೇಳನೇ ಹಳ್ಳ ಅಂತ ಬರೆದರೆ ಸಾಕು.”

“ನೋಡಿದವರೇ ಹೆಸರಿಟ್ಟಿದ್ದಾರಪ್ಪ. ಗುಡ್ಡದ ಮೇಲೆ ಮೋಡ ಕಟ್ಟಿದೆ, ದಡಕ್ಕೆ ಬಾ.”

“ನನ್ನ ತಲೆಯ ಮೇಲೆ ಬಿಸಿಲಿದೆ,” ಎಂದು ಪೆನ್ಸಿಲ್ ಬರೆಯಲು ಬಾಗಿತು.

ಹದಿನೇಳು ಬರೆದು ಮುಗಿಸುವಷ್ಟರಲ್ಲಿ ಮೇಲಿನಿಂದ ಕೆಂಪು ನೀರು ನುಗ್ಗಿ ಬಂತು. ಮೇಕೆ ಕೆಳಗೆ ಹಾರಿ, ಹಾಳೆಯನ್ನು ಪೆನ್ಸಿಲ್ ಸಮೇತ ಬಾಯಲ್ಲಿ ಕಚ್ಚಿಕೊಂಡು ದಡ ಹತ್ತಿತು. ಹುಟ್ಟಿದಾಗಿನಿಂದ ಸಿಕ್ಕ ಕಾಗದವನ್ನೆಲ್ಲ ತಿಂದ ಬಾಯಿ ಅದು. ಇದೊಂದನ್ನು ಮಾತ್ರ ಅಗಿಯದೆ ಕೆಳಗಿಟ್ಟಿತು.

ಪೆನ್ಸಿಲ್ ಹದಿನೇಳನ್ನು ಹೊಡೆದುಹಾಕಿ, ಹಳ್ಳದ ಹೆಸರನ್ನು ಒಂದಕ್ಷರ ಬಿಡದೆ ಬರೆಯಿತು. ಆಮೇಲೆ ಕೇಳಿತು: “ಆ ಎದುರಿನ ಗುಡ್ಡಕ್ಕೆ ಏನಂತಾರೆ?”

“ಹುಲಿ ಮಲಗುವ ಗುಡ್ಡ. ಹತ್ತಿ ನೋಡುತ್ತೀಯಾ?”

“ಬೇಡಮ್ಮ,” ಎಂದಿತು ಪೆನ್ಸಿಲ್, ಕೂತಲ್ಲೇ ಬರೆದುಕೊಳ್ಳುತ್ತ. “ನೋಡಿದವರೇ ಹೆಸರಿಟ್ಟಿದ್ದಾರೆ.”