ಮೌನಕಡ್ಡಿ ಚಿಗುರಿದ ಘಂಟಾಗಿರಿಯ ಮಹಿಮೆ

ಪೀತನದಿಯು ತನ್ನ ದಡಗಳನ್ನು ಇನ್ನೂ ಆರಿಸಿಕೊಳ್ಳದಿದ್ದ ಪುರಾತನ ಕಾಲದಲ್ಲಿ, ಚೀನಾಂಶುಕವೆಂಬ ರೇಷ್ಮೆಗೆ ಹೆಸರಾದ ಮಹಾಚೀನದೇಶದ ಪಶ್ಚಿಮ ಪರ್ವತಶ್ರೇಣಿಯ ತಪ್ಪಲಿನಲ್ಲಿ ಷಿಲಾನ್ ಎಂಬ ಕಿರುರಾಜ್ಯವಿದ್ದಿತು. ಅಲ್ಲಿನ ಪಿತೃದೇವತೆಗಳ ಆಲಯದಲ್ಲಿದ್ದ ಕಂಚಿನ ಘಂಟೆಯ ನಾದ ಮೊಳಗದೆ ಆ ನಾಡಿನಲ್ಲಿ ಬಿತ್ತನೆಯಾಗಲಿ ವಿವಾಹವಾಗಲಿ ನಡೆಯುತ್ತಿರಲಿಲ್ಲ. ನೆರೆಯ ಅರಸನು ಯುದ್ಧದಲ್ಲಿ ಗೆದ್ದು ಘಂಟೆಯನ್ನು ಹೊತ್ತೊಯ್ದಾಗ ಪ್ರಜೆಗಳು ಬೀಜವನ್ನು ಕಣಜದಲ್ಲೇ ಇಟ್ಟುಕೊಂಡು ಕುಳಿತರು. ಸೈನ್ಯಬಲ ಕಳೆದುಕೊಂಡ ರಾಜನಿಗೆ ಉಳಿದದ್ದು ಚೌರ್ಯಮಾರ್ಗವೊಂದೇ.

ಆ ವಿದ್ಯೆಯಲ್ಲಿ ನಿಷ್ಣಾತರಾದವರು ಅವನ ಬಳಿ ಇಬ್ಬರಿದ್ದರು: ಹಿರಿಯನಾದ ಗೊಂಗ್ ತಾನ್, ಅವನಿಂದಲೇ ವಿದ್ಯೆ ಕಲಿತ ಫೇ ಲಿನ್. ಗೂಢಕಾರ್ಯಕ್ಕೆ ಹೊರಡುವವರು ಹಲ್ಲುಗಳ ನಡುವೆ ಒಂದು ಕಡ್ಡಿಯನ್ನು ಕಚ್ಚಿ, ಅದರ ದಾರವನ್ನು ಕತ್ತಿನ ಹಿಂದೆ ಬಿಗಿದುಕೊಳ್ಳುವುದು ಆ ದೇಶದ ಪದ್ಧತಿ. ಅದಕ್ಕೆ ಮೌನಕಡ್ಡಿಯೆಂದು ಹೆಸರು. ಕಾರ್ಯ ಮುಗಿಯುವ ಮುನ್ನ ಅದನ್ನು ತೆಗೆದು ಮಾತನಾಡಿದವನಿಗೆ ಶಿರಶ್ಛೇದವೇ ಶಿಕ್ಷೆ.

ಬೀಳ್ಕೊಡುವ ದಿನ ರಾಜನು ತುಂಬಿದ ಸಭೆಯಲ್ಲಿ ತನ್ನ ಹೆಗಲಿನ ರೇಷ್ಮೆಯ ದುಕೂಲವನ್ನು ತೆಗೆದು ಫೇ ಲಿನ್‌ನಿಗೆ ಹೊದಿಸಿ, "ಇವನು ನಡೆದರೆ ಹುಲ್ಲಿಗೂ ಸುಳಿವು ಹತ್ತುವುದಿಲ್ಲ" ಎಂದನು. ಆಮೇಲೆ ನೆನಪಾದವನಂತೆ ಹಿರಿಯನ ಕಡೆ ತಿರುಗಿ, "ನೀನೂ ಹೋಗಿ ಬಾ" ಎಂದನು. 'ನೀನು' ಎಂದಿದ್ದರೆ ಗೊಂಗ್ ತಾನ್ ಪ್ರಾಣವನ್ನೇ ಒತ್ತೆಯಿಡುತ್ತಿದ್ದನು. 'ನೀನೂ' ಎಂಬ ಆ ಒಂದು ದೀರ್ಘ ಅವನ ಹೊಟ್ಟೆಯಲ್ಲಿ ಬೆಂಕಿಯಾಗಿ ಕುಳಿತುಬಿಟ್ಟಿತು.

ಗಡಿಯನ್ನು ದಾಟುವ ಮುನ್ನ, ಕಡ್ಡಿ ಕಚ್ಚುವ ಹೊತ್ತಿನಲ್ಲಿ, ಫೇ ಲಿನ್ ದುಕೂಲವನ್ನು ಮುಂದೆ ಚಾಚಿದನು.

"ಅಣ್ಣಾ, ಚಳಿ ಹೆಚ್ಚಿದೆ. ಇದನ್ನು ನೀನೇ ಹೊದ್ದುಕೋ."

"ಅರಸರು ಕೊಟ್ಟದ್ದು ನಿನಗೆ. ನನಗೇಕೆ?"

ನನಗೇ ದಾನ ಕೊಡುವಷ್ಟು ದೊಡ್ಡವನಾದನೇ ಇವನು ಎಂದು ಹಿರಿಯನ ಮನಸ್ಸು ಕುದಿಯಿತು. ಹೊಟ್ಟೆಕಿಚ್ಚಿನವನಿಗೆ ಅಕ್ಕರೆಯೂ ಅಣಕವಾಗಿಯೇ ಕೇಳಿಸುತ್ತದೆ.

ಶತ್ರುವಿನ ಆಲಯದ ಅಭಿಷೇಕಜಲ ಹರಿದುಹೋಗುವ ಕಿಂಡಿಯಿಂದ ಫೇ ಲಿನ್ ಒಳಹೊಕ್ಕು, ಘಂಟೆಯು ದನಿಮಾಡದಂತೆ ಅದೇ ದುಕೂಲದಲ್ಲಿ ಸುತ್ತಿ, ಬೆನ್ನಿಗೆ ಕಟ್ಟಿಕೊಂಡು ಹೊರಬಂದನು. ಗೊಂಗ್ ತಾನನ ಪಾಲಿಗೆ ಬಂದದ್ದು ಹೊರಗೆ ಕಾವಲು ನಿಲ್ಲುವ ಕೆಲಸ. ಇಬ್ಬರೂ ಕಡ್ಡಿ ಕಚ್ಚಿಕೊಂಡೇ ಈ ಘಂಟಾಗಿರಿಯ ಕಡಿದಾದ ದಾರಿಯನ್ನು ಹಿಡಿದರು. ಬೆಳಗಿನ ಮಂಜು ಕಣಿವೆಯನ್ನು ತುಂಬಿತ್ತು. ಮುಂದೆ ಫೇ ಲಿನ್, ಹಿಂದೆ ತಿರುವಿನಲ್ಲಿ ಗೊಂಗ್ ತಾನ್. ಅಷ್ಟರಲ್ಲಿ ಮಂಜು ಒಂದು ಕಡೆ ಸೀಳಿತು. ಕಿರಿಯನು ಕಾಲಿಡಲಿದ್ದ ಬಂಡೆಯ ಅಂಚು ಬಿರುಕುಬಿಟ್ಟು ಜೋತಾಡುತ್ತಿರುವುದು ಹಿಂದಿದ್ದವನಿಗೆ ಮಾತ್ರ ಕಂಡಿತು.

ಗೊಂಗ್ ತಾನನ ಕೈ ಕತ್ತಿನ ದಾರಕ್ಕೆ ಹೋಯಿತು. ಕಡ್ಡಿ ತೆಗೆದರೆ ಶಿರಶ್ಛೇದವಲ್ಲವೇ ಎಂಬ ಧರ್ಮಸೂಕ್ಷ್ಮ ಅವನಿಗೆ ಆ ಕ್ಷಣದಲ್ಲೇ ಬಲು ಅನುಕೂಲವಾಗಿ ಹೊಳೆಯಿತು. ಚಪ್ಪಾಳೆ ತಟ್ಟಬಹುದಿತ್ತು, ಕಲ್ಲೊಂದನ್ನು ಎಸೆಯಬಹುದಿತ್ತು. ಕೈಗಳಿಗೆ ಯಾರೂ ಕಡ್ಡಿ ಕಟ್ಟಿರಲಿಲ್ಲ. ದುಕೂಲ ಹೊದ್ದ ಆ ಬೆನ್ನನ್ನು ಸಭೆಯಲ್ಲಿ ಕಂಡಿದ್ದನ್ನು ನೆನೆದು, ಅವನು ಕೈಯನ್ನು ಕೆಳಗಿಳಿಸಿದನು.

ಬಂಡೆ ಕುಸಿಯಿತು. ಬೀಳುತ್ತ ಬೀಳುತ್ತಲೇ ಫೇ ಲಿನ್ ತನ್ನ ಕಡ್ಡಿಯನ್ನು ಕಿತ್ತೆಸೆದು ಕೂಗಿದನು: "ಅಣ್ಣಾ, ಮುಂದೆ ಕಾಲಿಡಬೇಡ!"

ನೋಡಲೆಂದು ಮುನ್ನುಗ್ಗಿದ್ದ ಗೊಂಗ್ ತಾನ್ ಆ ಕೂಗಿಗೆ ನಿಂತನು. ಅವನ ಹೆಬ್ಬೆರಳಿನ ಮುಂದೆಯೇ ಉಳಿದ ಬಂಡೆಯೂ ಕಳಚಿ ಹೋಯಿತು. ಬಹಳ ಹೊತ್ತಿನ ಮೇಲೆ ಪಾತಾಳದಿಂದ ಘಂಟೆಯು ಒಮ್ಮೆ ಮೊಳಗಿತು.

ಆಗ ಅವನು ಮೌನಕಡ್ಡಿಯನ್ನು ತೆಗೆಯಹೋದರೆ ಅದು ಬರಲೊಲ್ಲದು. ದಾರ ಬಿಚ್ಚಿದರೂ ದವಡೆ ಬಿಚ್ಚದು. ಅಳುವಿಗೂ ದಾರಿಯಿಲ್ಲದೆ ಅನ್ನಪಾನವಿಲ್ಲದೆ ಅಲ್ಲೇ ಬಿದ್ದಿದ್ದವನೆದುರು ಗಿರಿದೇವಿಯು ಮಂಜಿನ ನಡುವೆ ಪ್ರತ್ಯಕ್ಷಳಾಗಿ ನುಡಿದಳು:

"ಎಲೈ ಗೊಂಗ್ ತಾನ್, ನಿಯಮವನ್ನು ಮುರಿದ ಅವನು ನಿನ್ನನ್ನು ಉಳಿಸಿದನು, ನಿಯಮವನ್ನು ಪಾಲಿಸಿದ ನೀನು ಅವನನ್ನು ಕೊಂದೆ. ಯಾವ ಮಾತನ್ನು ಕಚ್ಚಿಹಿಡಿದೆಯೋ ಅದು ಹೊರಬರುವವರೆಗೆ ಈ ಕಡ್ಡಿಯು ನಿನ್ನನ್ನು ಬಿಡದು."

ಅವನು ಮನಸ್ಸಿನಲ್ಲೇ ಕ್ಷಮೆ ಬೇಡಿದನು, ಕಡ್ಡಿ ಅಲುಗಲಿಲ್ಲ. ರಾಜನನ್ನು ದೂರಿದನು, ಅಲುಗಲಿಲ್ಲ. ಕೊನೆಗೆ ಎಲ್ಲ ಕಾರಣಗಳೂ ಮುಗಿದು, ಬರಿದಾದ ಕಣಿವೆಯ ಕಡೆ ಮುಖಮಾಡಿದಾಗ, ಅಂದು ಹೇಳಬೇಕಾಗಿದ್ದ ಮಾತು ಎದೆಯನ್ನು ಸೀಳಿಕೊಂಡು ಬಂದಿತು: "ಲಿನ್, ಮುಂದೆ ಕಾಲಿಡಬೇಡ!"

ಕಡ್ಡಿಯು ಜಾರಿ ಬಂಡೆಯ ಬಿರುಕಿನಲ್ಲಿ ನಾಟಿ ಚಿಗುರೊಡೆಯಿತು. ಘಂಟೆ ಬಿದ್ದ ಕಡೆ ಜಲವುಕ್ಕಿತು. ಆ ಜಲದೊಳಗಿನಿಂದ ಎದ್ದ ನಾದವು ಷಿಲಾನಿನ ಹೊಲಗಳವರೆಗೂ ಕೇಳಿಸಿ, ಪ್ರಜೆಗಳು ಕಣಜದಿಂದ ಬೀಜವನ್ನು ತೆಗೆದರು. ಗೊಂಗ್ ತಾನ್ ಮತ್ತೆ ಬೆಟ್ಟವಿಳಿಯಲಿಲ್ಲ. ಆ ಅಂಚಿನಲ್ಲೇ ನಿಂತು, ಬಂದ ದಾರಿಹೋಕರನ್ನೆಲ್ಲ ಕೂಗಿ ಎಚ್ಚರಿಸುತ್ತ ಮುದುಕನಾಗಿ ತೀರಿಕೊಂಡನು.

ಬಿರುಕಿನಲ್ಲಿ ಬೇರೂರಿದ ಆ ವೃಕ್ಷವನ್ನೂ ಘಂಟಾತೀರ್ಥವನ್ನೂ ಭಕ್ತರು ಇಂದಿಗೂ ಕಾಣಬಹುದು. ಬಿತ್ತನೆಗೆ ಮುಂಚಿನ ಉತ್ಸವದಂದು ಯಾತ್ರಿಕರು ಬಾಯಲ್ಲಿ ಕಡ್ಡಿ ಕಚ್ಚಿ, ತಾವು ಯಾರ ಏಳಿಗೆಯನ್ನು ಕಂಡು ಕರುಬುತ್ತಿರುವರೋ ಅವರ ಹೆಸರನ್ನು ಮನಸ್ಸಿನಲ್ಲಿ ಹೊತ್ತು ಗಿರಿಯನ್ನೇರುತ್ತಾರೆ. ಅಂಚಿನಲ್ಲಿ ನಿಂತು ಕಡ್ಡಿಯನ್ನು ತೆಗೆದು, ಆ ಹೆಸರು ಹಿಡಿದು, "ಮುಂದೆ ಕಾಲಿಡಬೇಡ" ಎಂದು ಕೂಗುತ್ತಾರೆ. ಕಣಿವೆಯು ಹೆಸರನ್ನು ತನ್ನಲ್ಲೇ ಇಟ್ಟುಕೊಂಡು, ಉಳಿದ ಮಾತನ್ನು ಕೂಗಿದವರಿಗೇ ಹಿಂದಿರುಗಿಸುತ್ತದೆ.