ಔಷಧಿ ಸಾಹುಕಾರನಿಗೆ ಶಾಲು

ಆ ಊರಿನ ಮುದುಕರಿಗೆ ಕಾನೂನು ಕೊಟ್ಟಿದ್ದ ರಿಯಾಯಿತಿಯನ್ನು ಔಷಧಿ ಅಂಗಡಿಯ ಗುರುಶಾಂತಪ್ಪ ಮೂರು ವರ್ಷ ನುಂಗಿ ನೀರು ಕುಡಿದ.

ನಿವೃತ್ತ ಶಾಲಾ ಜವಾನನೊಬ್ಬ ಹೆಂಡತಿಯ ಬಿಪಿ ಮಾತ್ರೆಗೆ ಹೋಗಿ ಗುರುತಿನ ಚೀಟಿ ತೋರಿಸಿದ.

"ಈ ಫೋಟೋ ನಿಂದಲ್ಲ. ಇವನು ಹರೆಯದವನು," ಎಂದ ಗುರುಶಾಂತಪ್ಪ.

"ಆಮೇಲೆ ವಯಸ್ಸಾಯ್ತು ಸಾಹುಕಾರ್ರೆ. ಅದಕ್ಕೇ ರಿಯಾಯಿತಿ ಕೇಳ್ತಿರೋದು."

"ಪೂರ್ತಿ ದುಡ್ಡು ಕೊಡು, ಇಲ್ಲ ಜಾಗ ಬಿಡು."

ಮನೆಯಲ್ಲಿ ಹೆಂಡತಿ ದುಡ್ಡು ಸಾಲದೆ ಮಾತ್ರೆಯನ್ನು ಅರ್ಧ ಮುರಿದು ನುಂಗುತ್ತಿದ್ದಳು. ತಲೆ ಸುತ್ತಿ ಎರಡು ಸಲ ಬಚ್ಚಲಲ್ಲಿ ಬಿದ್ದಿದ್ದಳು. ಜವಾನ ಮೂವತ್ತು ವರ್ಷ ಸನ್ಮಾನ ಸಭೆಗಳಿಗೆ ಕುರ್ಚಿ ಹಾಕಿದವನು. ಶಾಲು ಬೇಡವೆಂದ ದೊಡ್ಡ ಮನುಷ್ಯನನ್ನು ಒಮ್ಮೆಯೂ ಕಂಡಿರಲಿಲ್ಲ.

ಭಾನುವಾರ ಹಿರಿಯರ ಸಂಘದಲ್ಲಿ ಜವಾನನೇ ಮುಂದೆ ನಿಂತು ಗುರುಶಾಂತಪ್ಪನಿಗೆ ಸನ್ಮಾನ ಇಡಿಸಿದ. ಔಷಧ ಇಲಾಖೆಯ ಅಧಿಕಾರಿಯೇ ಅತಿಥಿ. ಪೇಟ, ಶಾಲು, ಏಲಕ್ಕಿ ಹಾರ ಎಲ್ಲ ಬಿದ್ದವು. ಜವಾನ ಸನ್ಮಾನ ಪತ್ರ ಓದಿದ: "ಕಾನೂನಿನಂತೆ ಪ್ರತಿಯೊಬ್ಬ ಹಿರಿಯರಿಗೂ ತಪ್ಪದೆ ರಿಯಾಯಿತಿ ಕೊಡುವ ಧರ್ಮಾತ್ಮರು!"

ಗುರುಶಾಂತಪ್ಪ ಕೈ ಮುಗಿದು ಮೈಕಿನಲ್ಲಿ, "ಅದು ನನ್ನ ಕರ್ತವ್ಯ," ಎಂದ.

"ಹಾಗಾದರೆ ಇವು ಯಾರ ಅಂಗಡಿಯವು ಸಾಹುಕಾರ್ರೆ?" ಎಂದು ಜವಾನ ಸಭೆಯತ್ತ ಕೈ ತೋರಿಸಿದ.

ನಲವತ್ತು ಮುದುಕರು ಎದ್ದು ನಿಂತರು. ಪ್ರತಿಯೊಬ್ಬರ ಕೈಯಲ್ಲೂ ಪೂರ್ತಿ ಬೆಲೆಯ ಬಿಲ್ಲು. ಅಧಿಕಾರಿ ಕನ್ನಡಕ ಹಾಕಿಕೊಂಡ. ಗುರುಶಾಂತಪ್ಪ ಶಾಲಿನೊಳಗೆ ಬೆವತ.

"ಎಲ್ಲಾ ವಾಪಸ್ ಕೊಡ್ತೀನಿ," ಎಂದು ಗೊಣಗಿದ.

"ಮೈಕಿನಲ್ಲಿ ಹೇಳಿ. ಹಿಂದೆ ಕೂತವರಿಗೆ ಕಿವಿ ಮಂದ," ಎಂದ ಜವಾನ.

ಮರುದಿನ ಜವಾನನ ಹೆಂಡತಿ ಇಡೀ ಮಾತ್ರೆ ನುಂಗಿದಳು. ಅದಕ್ಕೆ ಮುಂಚೆ ಬಚ್ಚಲಲ್ಲಿ ಬಿದ್ದು ತಿಂದ ಪೆಟ್ಟನ್ನು ಯಾರೂ ವಾಪಸ್ ತೆಗೆದುಕೊಳ್ಳಲಿಲ್ಲ.

ನಿಮ್ಮೂರಲ್ಲಿ ಇಂಥ ಜವಾನ ಇರಲಿಕ್ಕಿಲ್ಲ. ಕಾನೂನಿನಂತೆ ನಿಮಗೆ ಏನು ಸಲ್ಲಬೇಕೋ ತಿಳಿದುಕೊಳ್ಳಿ. ಅದು ಕೈಗೆ ಬರುವವರೆಗೆ ಅಂಗಡಿಯ ಮೆಟ್ಟಿಲು ಇಳಿಯಬೇಡಿ.