ಗಿಟಾರನ್ನು ಅದುಮಿದ್ದು ಯಾರು?

ಒಂದು ಹಾಡಿನಲ್ಲಿ ಡೊಳ್ಳೂ ಬೇಸ್ ಗಿಟಾರೂ ಅಕ್ಕಪಕ್ಕದಲ್ಲಿದ್ದವು. ಎರಡೂ ಒಟ್ಟಿಗೆ ಮೊಳಗಿದರೆ ಯಾವುದೂ ಸ್ಪಷ್ಟವಾಗುವುದಿಲ್ಲವೆಂದು, ಹಾಡಿನ ದನಿಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್ ಮಾಡುತ್ತಿದ್ದ ಪ್ರಫುಲ್ಲಾ ಗಿಟಾರಿನ ಮೇಲೆ, ಜೋರಾದ ದನಿಯನ್ನು ತಗ್ಗಿಸುವ ಕಂಪ್ರೆಸರನ್ನು ಕೂರಿಸಿದಳು. ಡೊಳ್ಳು ಬಡಿದಾಗ ಮಾತ್ರ ಗಿಟಾರಿನ ದನಿಯನ್ನು ಅದುಮಲಿ ಎಂಬುದು ಅವಳ ಲೆಕ್ಕ.

ಆದರೆ ಡೊಳ್ಳು ಸುಮ್ಮನಿದ್ದಾಗಲೂ ಗಿಟಾರಿನ ದನಿ ಅಡಗುತ್ತಿತ್ತು.

"ಈ ಗಿಟಾರ್ ಕೇಳಿಸುವುದೇ ಇಲ್ಲ. ಹಾಡಿನಿಂದ ತೆಗೆದೇಬಿಡುತ್ತೇನೆ," ಎಂದಳು ಪ್ರಫುಲ್ಲಾ.

ಗಾಬರಿಯಾದ ಗಿಟಾರ್ ಡೊಳ್ಳಿಗೆ ಹೇಳಿತು: "ಅಣ್ಣಾ, ನಿನಗೆ ಜಾಗ ಬಿಟ್ಟಿದ್ದೇನಲ್ಲ. ಆದರೂ ಯಾಕೆ ತುಳಿಯುತ್ತೀಯ?"

"ಈ ಸಾಲಿನಲ್ಲಿ ನನಗೆ ಒಂದು ಪೆಟ್ಟೂ ಇಲ್ಲ ತಮ್ಮಾ. ನಿದ್ದೆ ಮಾಡುವವನ ಮೇಲೆ ದೂರು ಹೇಳುತ್ತೀಯಲ್ಲ."

ಗಿಟಾರಿಗೆ ಏನೂ ಅರ್ಥವಾಗಲಿಲ್ಲ. ಇನ್ನೂ ಜೋರಾಗಿ ನುಡಿಯಿತು. ಜೋರಾದಷ್ಟೂ ಹೆಚ್ಚು ಅದುಮಿಸಿಕೊಂಡಿತು.

ಕೊನೆಗೆ ಕಂಪ್ರೆಸರನ್ನೇ ಕೇಳಿತು: "ಯಾರ ಸದ್ದು ಕೇಳಿ ನನ್ನನ್ನು ಅದುಮುತ್ತೀಯಪ್ಪಾ?"

"ನಿನ್ನದೇ."

"ಡೊಳ್ಳಿನದಲ್ಲವೇ?"

"ಡೊಳ್ಳಿಗೆ ಕಿವಿಗೊಡು ಎಂದು ಪ್ರಫುಲ್ಲಕ್ಕ ನನಗೆ ಹೇಳಲು ಮರೆತಳು. ಹೇಳದಿದ್ದರೆ ನಾನು ಯಾರ ಮೇಲೆ ಕೂತಿದ್ದೇನೋ ಅವರಿಗೇ ಕಿವಿಗೊಡುವವನು."

"ಹಾಗಾದರೆ ನನ್ನ ದನಿ ಅಡಗಿಸಿದ್ದು ಯಾರು? ಅವಳೋ, ನೀನೋ, ನಾನೋ?"

"ಅದು ನನಗೂ ತಿಳಿಯದು. ಒಮ್ಮೆ ಅದುಮಿದರೆ ನನ್ನ ಕೈ ಬೇಗ ಏಳುವುದಿಲ್ಲ, ನಿನ್ನ ಮುಂದಿನ ಸ್ವರಗಳೂ ಅಡಗುತ್ತವೆ. ನೀನು ಕೂಗದಿದ್ದರೆ ಅದುಮುವುದೇ ಇಲ್ಲ. ಇಷ್ಟು ಗೊತ್ತು."

ಗಿಟಾರ್ ಗೊಂದಲದಲ್ಲೇ ಮೆಲ್ಲಗೆ ನುಡಿಯಿತು. ಕಂಪ್ರೆಸರ್ ಅದುಮಲಿಲ್ಲ. ಗಿಟಾರನ್ನು ಅಳಿಸಲು ಹೊರಟಿದ್ದ ಪ್ರಫುಲ್ಲಾ ಕೈ ತಡೆದಳು. "ಈಗ ಹೇಗೆ ಕೇಳಿಸುತ್ತಿದೆ?" ಎಂದು ತಲೆ ಕೆರೆದುಕೊಂಡಳು. ಕಾರಣ ಅವಳಿಗೆ ಹೊಳೆಯಲಿಲ್ಲ. ಹಾಡಿನಲ್ಲಿ ಗಿಟಾರ್ ಉಳಿಯಿತು.